ವಿಡಿಯೊ ತುಣುಕು: ಲೋಡ್ ಮಾಡುವುದು, ಓಡಿಸುವುದು, ರೆಕಾರ್ಡ್ ಮಾಡುವುದು ಹೇಗೆ?

ಕಾರ್ಯಕ್ರಮದ ನಡುವೆ ವಿಡಿಯೊ ತೋರಿಸಬೇಕಾದ ಹೊತ್ತಿಗೆ ಪರದೆಯ ತುಂಬ ಕಡತಗಳ ಪಟ್ಟಿ ತೆರೆದುಕೊಳ್ಳುವುದನ್ನು, ಕೊನೆಗೂ ಚಿತ್ರ ಮೂಡಿದರೆ ಧ್ವನಿಯೇ ಇಲ್ಲದೆ ನಿರೂಪಕರು ಮೈಕ್ ಹಿಡಿದು ಮಿಕಮಿಕ ನೋಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ತುಣುಕನ್ನು ಲೋಡ್ ಮಾಡಿಡುವುದು ಒಂದು ಕೆಲಸ, ಓಡಿಸುವುದು ಇನ್ನೊಂದು. ಎರಡನ್ನೂ ಒಂದೇ ಗಳಿಗೆಗೆ ಉಳಿಸಿಕೊಂಡವರಿಗೆ ಈ ಫಜೀತಿ ತಪ್ಪದು. ವಿಡಿಯೊ ಓಡಿಸಲು, ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತಂತ್ರಾಂಶವನ್ನು ಇಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಹಂತ 1: ತುಣುಕುಗಳನ್ನೆಲ್ಲ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಒಂದೇ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ತಂತ್ರಾಂಶ ನೆನಪಿಟ್ಟುಕೊಳ್ಳುವುದು ಕಡತ ಇರುವ ಜಾಗವನ್ನಷ್ಟೇ. ಪೆನ್‌ಡ್ರೈವ್ ಕಿತ್ತರೆ ತುಣುಕೂ ಹೋಯಿತು. ಮೊಬೈಲಿನಲ್ಲಿ ತೆಗೆದ ವಿಡಿಯೊಗಳ ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಸಾಮಾನ್ಯವಾಗಿ ಏರಿಳಿಯುತ್ತಿರುತ್ತದೆ, ಆದ್ದರಿಂದ ಅವನ್ನು ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಪರಿವರ್ತಿಸಿದ ಚಿತ್ರದ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತುವ 'ಉಚಿತ' ಕನ್ವರ್ಟರ್‌ಗಳ ಸಹವಾಸ ಬೇಡವೇ ಬೇಡ.

ಹಂತ 2: ಎಲ್ಲರೂ ಎಡವುವುದು ಇಲ್ಲಿ. ಪ್ರತಿ ತುಣುಕಿಗೂ ಪ್ರತ್ಯೇಕ ಸೀನ್ (ಒಮ್ಮೆಗೆ ಪರದೆಗೆ ಬರುವ ದೃಶ್ಯ) ಮಾಡಿ, ಅದರಲ್ಲಿ ಕಡತವನ್ನು 'ಮೀಡಿಯಾ ಸೋರ್ಸ್' ಆಗಿ ಸೇರಿಸಿ. ಸೀನ್ ತೆರೆಗೆ ಬಂದಾಗಲೆಲ್ಲ ತುಣುಕು ಮೊದಲಿಂದ ಆರಂಭವಾಗುವ ಆಯ್ಕೆಗೆ ಟಿಕ್ ಇರಲಿ. 'ಕ್ಲೋಸ್ ಫೈಲ್ ವೆನ್ ಇನಾಕ್ಟಿವ್' ಎಂಬುದಕ್ಕೆ ಮಾತ್ರ ಟಿಕ್ ಹಾಕಬೇಡಿ. ಮೆಮೊರಿ ಉಳಿಯುತ್ತದೆಂದು ಹಲವರು ಅದನ್ನು ಒತ್ತಿಬಿಡುತ್ತಾರೆ. ಆಗ ಸೀನ್ ಬದಲಿಸಿದಾಗಲೆಲ್ಲ ಕಡತವನ್ನು ಹೊಸದಾಗಿ ತೆರೆಯಬೇಕಾಗಿ ಚಿತ್ರ ತಡವಾಗಿ ಬರುತ್ತದೆ. ತುಣುಕು ಮುಗಿದ ಮೇಲೆ ಏನನ್ನೂ ತೋರಿಸದಿರುವ ಆಯ್ಕೆಯ ಟಿಕ್ಕನ್ನೂ ನಾನು ತೆಗೆದೇ ಇಡುತ್ತೇನೆ, ಏಕೆಂದರೆ ಕಪ್ಪು ಪರದೆಗಿಂತ ನಿಂತ ಕೊನೆಯ ಫ್ರೇಮ್ ಮೇಲು.

ಧ್ವನಿಯದು ಇನ್ನೂ ಸೂಕ್ಷ್ಮ. 'ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್'ನಲ್ಲಿ ಪ್ರತಿ ತುಣುಕಿಗೂ ಮೂರು ಆಯ್ಕೆಗಳಿವೆ. ಮೊದಲಿಗೆ ಇರುವ 'ಮಾನಿಟರ್ ಆಫ್'ನಲ್ಲಿ ಧ್ವನಿ ರೆಕಾರ್ಡಿಂಗಿಗೆ ಹೋಗುತ್ತದೆ, ಆದರೆ ನಿಮ್ಮ ಹೆಡ್‌ಫೋನಿಗಾಗಲೀ ಅದೇ ಕಂಪ್ಯೂಟರಿಗೆ ಜೋಡಿಸಿದ ಸಭಾಂಗಣದ ಸ್ಪೀಕರಿಗಾಗಲೀ ಬರುವುದಿಲ್ಲ. 'ಮಾನಿಟರ್ ಓನ್ಲಿ' ಇದಕ್ಕೆ ತದ್ವಿರುದ್ಧ: ಸಭಿಕರೆಲ್ಲ ಕೇಳಿಸಿಕೊಂಡಿರುತ್ತಾರೆ, ರೆಕಾರ್ಡಿಂಗ್ ಮೂಕವಾಗಿರುತ್ತದೆ. ಎರಡೂ ಕಡೆ ಬೇಕಾದರೆ 'ಮಾನಿಟರ್ ಅಂಡ್ ಔಟ್‌ಪುಟ್' ಆರಿಸಬೇಕು.

ತುಣುಕಿನ ಮಧ್ಯಭಾಗ ಮಾತ್ರ ಬೇಕಿದ್ದರೆ ಅದನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ವಿಡಿಯೊವನ್ನು ಕುಗ್ಗಿಸಿಡುವ ಎಚ್.264 ವಿಧಾನದ ಕಡತದಲ್ಲಿ ಪೂರ್ಣ ಚಿತ್ರವಿರುವುದು ಅಲ್ಲೊಂದು ಇಲ್ಲೊಂದು ಕೀಫ್ರೇಮ್‌ನಲ್ಲಿ ಮಾತ್ರ. ಉಳಿದವು ಅಕ್ಕಪಕ್ಕದ ಫ್ರೇಮ್‌ಗಳನ್ನು ಆಧರಿಸಿರುವುದರಿಂದ ನಡುವಿಗೆ ಜಿಗಿದಾಗ ಹಿಂದಿನ ಕೀಫ್ರೇಮಿನಿಂದ ಬಿಡಿಸಿಕೊಂಡು ಬರಬೇಕಾಗುತ್ತದೆ, ಚಿತ್ರ ತಡವರಿಸುತ್ತದೆ.

ಹಂತ 3: ಮುಂದಿನ ಸೀನನ್ನೂ ಈಗಿನದನ್ನೂ ಅಕ್ಕಪಕ್ಕ ತೋರಿಸುವ ಸ್ಟುಡಿಯೊ ಮೋಡ್ ಆನ್ ಮಾಡಿ, ಮುಂದಿನ ಸೀನನ್ನು ಎಡಗಡೆಯ ಪ್ರಿವ್ಯೂನಲ್ಲಿ ನಿಲ್ಲಿಸಿಕೊಂಡು, ಸರದಿ ಬಂದಾಗ ಟ್ರಾನ್ಸಿಶನ್ ಗುಂಡಿ ಒತ್ತಿ. ತಾನಾಗಿ ಇರುವ 'ಫೇಡ್' (ನಿಧಾನವಾಗಿ ಬೆರೆಯುವುದು) ಬದಲು 'ಕಟ್' (ಥಟ್ಟನೆ ಬದಲಾಗುವುದು) ಆರಿಸಿ. ಫೇಡ್‌ನ 300 ಮಿಲಿಸೆಕೆಂಡಿನಲ್ಲಿ ತುಣುಕಿನ ಮೊದಲ ಏಳೆಂಟು ಫ್ರೇಮ್‌ಗಳು ಮಸುಕಾಗಿ ಕಳೆದುಹೋಗುತ್ತವೆ.

ಹಂತ 4: ರೆಕಾರ್ಡಿಂಗನ್ನು ತುಣುಕು ಓಡಿಸುವ ಮೊದಲೇ ಆರಂಭಿಸಿ, ಎಂಕೆವಿ ರೂಪದಲ್ಲಿ. ಸಾಮಾನ್ಯ ಎಂಪಿ4 ತನ್ನ ಸೂಚಿಯನ್ನು (ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು) ಕೊನೆಯಲ್ಲಿ ಬರೆಯುವುದರಿಂದ ನಡುವೆ ಕರೆಂಟ್ ಹೋದರೆ ಇಡೀ ಕಡತ ತೆರೆಯದೇ ಹೋಗಬಹುದು. ಎಂಕೆವಿಯನ್ನು ಫೈಲ್ ಮೆನುವಿನ ರೀಮಕ್ಸ್ (ಕಡತದ ಹೊರರೂಪವನ್ನಷ್ಟೇ ಬದಲಿಸುವ ಆಯ್ಕೆ) ಮೂಲಕ ಗುಣಮಟ್ಟ ಕೆಡದಂತೆ ಎಂಪಿ4 ಮಾಡಿಕೊಳ್ಳಬಹುದು. 2024ರಲ್ಲಿ ಬಂದ ಒಬಿಎಸ್ 30.2 ಆವೃತ್ತಿಯಿಂದ ಈ ಅಪಾಯ ತಪ್ಪಿಸುವ ಹೈಬ್ರಿಡ್ ಎಂಪಿ4 ಕೂಡ ಇದೆ. ಆದರೂ ನಾನು ಎಂಕೆವಿಯನ್ನು ಬಿಟ್ಟಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಒಂದು ಗಂಟೆಗೆ ಸುಮಾರು 22.5 ಜಿಬಿ ಜಾಗ ಬೇಕು. ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯ ಡಿಸ್ಕಿನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲವಾದ್ದರಿಂದ ಅಲ್ಲಿ ಹನ್ನೊಂದು ನಿಮಿಷದ ಹೊತ್ತಿಗೆ ರೆಕಾರ್ಡಿಂಗ್ ಕೈಕೊಡುತ್ತದೆ. ಡಿಸ್ಕನ್ನು ಮೊದಲೇ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಜನ ಬರುವ ಮುಂಚೆ ಒಂದು ತುಣುಕನ್ನು ಹತ್ತು ಸೆಕೆಂಡು ಓಡಿಸಿ ರೆಕಾರ್ಡ್ ಮಾಡಿ, ಆ ರೆಕಾರ್ಡಿಂಗನ್ನು ಬೇರೊಂದು ಪ್ಲೇಯರ್‌ನಲ್ಲಿ ತೆರೆದು, ಹೆಡ್‌ಫೋನ್ ಹಾಕಿಕೊಂಡು ಕೇಳಿ.