ಹಳೆಯ ಹೆಲಿಕಾಪ್ಟರ್ ಕಾಕ್‌ಪಿಟ್ ಸಿಮ್ಯುಲೇಟರ್ ರಿಪೇರಿ ಮಾಡುವುದು ಹೇಗೆ?

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಒಂದು ಶೆಡ್‌ನಲ್ಲಿ ನಾವು ಮೂವರು ಗೆಳೆಯರು ಎರಡು ವರ್ಷದ ಭಾನುವಾರಗಳನ್ನೆಲ್ಲ ಒಂದು ಹಳೆಯ ಪೆಟ್ಟಿಗೆಗೆ ಕೊಟ್ಟಿದ್ದೇವೆ. ಅದು ಚೇತಕ್ ಹೆಲಿಕಾಪ್ಟರಿನ ಕಾಕ್‌ಪಿಟ್ ಮಾದರಿ. ಫ್ರಾನ್ಸಿನ ಅಲೂಯೆಟ್ 3 ಹೆಲಿಕಾಪ್ಟರನ್ನು ಪರವಾನಗಿ ಪಡೆದು ಎಚ್‌ಎಎಲ್ ಚೇತಕ್ ಎಂಬ ಹೆಸರಲ್ಲಿ ತಯಾರಿಸಿತು. 1960ರ ದಶಕದಿಂದ ನಮ್ಮ ಸೇನೆಯಲ್ಲಿ ಅದು ದುಡಿದಿದೆ. ನಮ್ಮ ಪೆಟ್ಟಿಗೆ ಮಾತ್ರ ಹಾರುವುದಿಲ್ಲ. ಎರಡು ಸೀಟು, ಮೀಟರ್ ಬೋರ್ಡ್, ಕೋಲು, ಲಿವರ್, ಪೆಡಲ್ ಇಷ್ಟೇ. ಪೈಲಟ್ ಆಗುವವರು ನೆಲದ ಮೇಲೆ ಕೂತೇ ಯಾವ ಸ್ವಿಚ್ ಎಲ್ಲಿದೆ ಎಂದು ಕೈಗೆ ರೂಢಿ ಮಾಡಿಕೊಳ್ಳಲಿ ಎಂದು ಮಾಡಿದ್ದು.

ಆದ್ದರಿಂದ ರಿಪೇರಿಯಲ್ಲಿ ನಾವು ಒಂದೇ ಮಾತು ಪಾಲಿಸಿದೆವು. ಕೈ ಮುಟ್ಟುವ ಭಾಗಗಳೆಲ್ಲ ಹಳೆಯವೇ ಉಳಿಯಬೇಕು. ಒಳಗಿನ ಎಲೆಕ್ಟ್ರಾನಿಕ್ಸ್ ಬೇಕಾದರೆ ಪೂರ್ತಿ ಹೊಸದಾಗಲಿ.

ಮೊದಲು ಕಾಗದ, ಆಮೇಲೆ ಸ್ಕ್ರೂಡ್ರೈವರ್

ಸರ್ಕಾರಿ ಹಳೆ ಸಾಮಾನು ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರಿ ಕಂಪನಿಯ ಇ-ಹರಾಜಿನಲ್ಲಿ ಬರುತ್ತದೆ. ಅಲ್ಲಿಂದ ಗುಜರಿಯವರ ಕೈಗೆ, ಗುಜರಿಯಿಂದ ನಮ್ಮಂಥವರ ಕೈಗೆ. ಸೇನೆಯ ಸಾಮಾನು ಎಂದ ಮೇಲೆ ಹರಾಜಿನ ಕಾಗದದ ನಕಲು, ಕೊಂಡ ಬಿಲ್ಲು ಎರಡೂ ಇಲ್ಲದೆ ಮನೆಗೆ ತರಬೇಡಿ.

ಗಾಡಿಯಿಂದ ಇಳಿಸಿದ ಕೂಡಲೇ ಒರೆಸಲು ಹೋಗಬೇಡಿ. ಮೊದಲು ಫೋಟೊ ತೆಗೆಯಿರಿ. ಪ್ರತಿ ಫಲಕದ ಮುಂದೆ, ಹಿಂದೆ, ಪ್ರತಿ ಕನೆಕ್ಟರ್. ವೈರ್ ಬಿಚ್ಚುವ ಮೊದಲು ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಕಟ್ಟಿ. ನಮ್ಮ ಪೆಟ್ಟಿಗೆಯ ಸೀಟಿನ ಕೆಳಗೆ ಇಲಿ ಗೂಡು ಕಟ್ಟಿ, ವೈರಿನ ಕಟ್ಟನ್ನೇ ಕಡಿದು ಹಾಕಿತ್ತು. ಫೋಟೊ ಇದ್ದದ್ದಕ್ಕೆ ಬಣ್ಣ ನೋಡಿ ಮತ್ತೆ ಸೇರಿಸಲು ಆಯಿತು.

ಕೊಳೆ ತೆಗೆಯಲು ಮೆತ್ತನೆ ಬ್ರಷ್ ಮತ್ತು ಸ್ವಲ್ಪ ಸೋಪು ನೀರು ಸಾಕು. ಥಿನ್ನರ್ ಬೇಡವೇ ಬೇಡ. ನಾನು ಒಂದು ಫಲಕಕ್ಕೆ ಥಿನ್ನರ್ ಬಟ್ಟೆ ತಾಗಿಸಿದೆ. ಎರಡೇ ಉಜ್ಜಿಗೆ ಬಿಳಿ ಅಕ್ಷರಗಳು ಬಟ್ಟೆಗೆ ಬಂದುಬಿಟ್ಟವು. ಐವತ್ತು ವರ್ಷ ಉಳಿದಿದ್ದ ಬರಹ ಅದು. ಇವತ್ತಿಗೂ ಆ ಜಾಗ ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ.

ಕತ್ತಲಲ್ಲಿ ಹೊಳೆಯುವ ಮುಳ್ಳುಗಳು

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಳೆಯ ಮಿಲಿಟರಿ ಮೀಟರುಗಳ ಮುಳ್ಳು, ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಹಚ್ಚಿರಬಹುದು. ಈಗ ಹೊಳೆಯುತ್ತಿಲ್ಲ ಎಂದರೆ ಅಪಾಯ ಹೋಯಿತು ಎಂದಲ್ಲ. ಹೊಳೆಯುವ ಪುಡಿ ಸವೆದಿರುತ್ತದೆ, ರೇಡಿಯಂ ಹಾಗೇ ಇರುತ್ತದೆ. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥ ಮೀಟರಿನ ಗಾಜು ಬಿಚ್ಚಬೇಡಿ, ಕೆರೆಯಬೇಡಿ, ಒಡೆದ ಗಾಜಿನದಾದರೆ ಮನೆಯೊಳಗೇ ತರಬೇಡಿ. ಪುಡಿ ಹೊಟ್ಟೆಗೆ, ಉಸಿರಿಗೆ ಹೋಗುವುದೇ ದೊಡ್ಡ ತೊಂದರೆ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಕೇಳಿಕೊಂಡು ಪರೀಕ್ಷೆ ಮಾಡಿಸಿ.

ಸಂಶಯ ಬಂದ ಮೀಟರುಗಳ ಜಾಗಕ್ಕೆ ನಾವು ಹೊಸ ಮುಖ ಪ್ರಿಂಟ್ ಮಾಡಿಸಿ, ಹಿಂದೆ ಕಾರಿನ ಮೀಟರ್ ಬೋರ್ಡಿನಲ್ಲಿರುವಂಥ ಸಣ್ಣ ಸ್ಟೆಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಕೂರಿಸಿದೆವು. ಅದು 315 ಡಿಗ್ರಿವರೆಗೆ ತಿರುಗುತ್ತದೆ. ಬಹಳಷ್ಟು ಮೀಟರಿಗೆ ಅಷ್ಟು ಸಾಕು.

ಮನೆ ಕರೆಂಟ್ ಕೊಡಬೇಡಿ

ವಿಮಾನದ ಸಾಮಾನಿಗೆ ಎರಡು ಬಗೆಯ ಕರೆಂಟ್ ಬೇಕು. ಒಂದು 28 ವೋಲ್ಟ್ ಡಿಸಿ, ಇನ್ನೊಂದು 400 ಹರ್ಟ್ಜ್ ಎಸಿ. ನಮ್ಮ ಮನೆಗೆ ಬರುವುದು 50 ಹರ್ಟ್ಜ್. 400 ಹರ್ಟ್ಜ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ ಗಾತ್ರದಲ್ಲಿ ಚಿಕ್ಕದು. ಅದಕ್ಕೆ 50 ಹರ್ಟ್ಜ್ ಕೊಟ್ಟರೆ ಕಾಯ್ದು ಸುಟ್ಟೇ ಹೋಗುತ್ತದೆ. 400 ಹರ್ಟ್ಜ್ ಭಾಗಗಳನ್ನು ನಾವು ಜೋಪಾನವಾಗಿ ಬಿಚ್ಚಿಟ್ಟು, ಆ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟೆವು.

28 ವೋಲ್ಟ್‌ಗೆ ನಮ್ಮೂರಲ್ಲೇ ಉತ್ತರ ಇದೆ. ಲಾರಿಗಳೂ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಸೇರಿಸಿಕೊಂಡೇ ಓಡುವುದು. ಚಾರ್ಜ್ ಆಗುತ್ತಿರುವಾಗ ಅವು ಹೆಚ್ಚುಕಡಿಮೆ 28 ವೋಲ್ಟ್ ಕೊಡುತ್ತವೆ. ಹಾಗಾಗಿ ಲಾರಿ ಎಲೆಕ್ಟ್ರಿಷಿಯನ್ ಅಂಗಡಿಯ ಫ್ಯೂಸ್, ಬಲ್ಬ್, ವೈರ್ ಎಲ್ಲ ಇಲ್ಲಿ ನಡೆಯುತ್ತವೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಳಗೆ ಒಣಗಿರುತ್ತವೆ. ಒಮ್ಮೆಗೇ ಕರೆಂಟ್ ಕೊಟ್ಟರೆ ಸಿಡಿಯಬಹುದು. ಬದಲಿಸಿಬಿಡಿ.

ಕೋಲು, ಲಿವರ್, ಪೆಡಲ್

ನನಗೆ ತುಂಬಾ ಇಷ್ಟವಾದ ಕೆಲಸ ಇದು. ಬಲಗೈಗೆ ಹೆಲಿಕಾಪ್ಟರನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಸೈಕ್ಲಿಕ್ ಕೋಲು, ಎಡಗೈಗೆ ಕಲೆಕ್ಟಿವ್ ಲಿವರ್, ಕಾಲಿಗೆ ಮೂತಿ ತಿರುಗಿಸುವ ಪೆಡಲ್. ಕಲೆಕ್ಟಿವ್ ಎತ್ತಿದರೆ ರೋಟರಿನ ಎಲ್ಲ ರೆಕ್ಕೆಗಳ ಓರೆ ಒಟ್ಟಿಗೆ ಜಾಸ್ತಿಯಾಗಿ ಹೆಲಿಕಾಪ್ಟರ್ ಮೇಲೇಳುತ್ತದೆ. ಚೇತಕ್‌ನ ಆರ್ಟೂಸ್ಟ್ ಎಂಜಿನ್ ಹಾರಾಟದಲ್ಲಿ ಒಂದೇ ವೇಗದಲ್ಲಿ, ನಿಮಿಷಕ್ಕೆ ಸುಮಾರು 33,500 ಸುತ್ತು ತಿರುಗುತ್ತಿರುತ್ತದೆ. ಅದಕ್ಕೇ ಪೈಲಟ್ ಶಕ್ತಿಯ ಲೆಕ್ಕ ಹಿಡಿಯುವುದು ಕಲೆಕ್ಟಿವ್ ಪಿಚ್ ಮೀಟರ್ ನೋಡಿ. ಎಲ್ಲ ಮೀಟರಿಗಿಂತ ಮೊದಲು ಇದನ್ನು ಸರಿ ಮಾಡಿಕೊಳ್ಳಿ.

ನಮ್ಮ ಲಿವರ್ ಬುಡದ ಬುಷ್ ಸವೆದು ಲೊಡಲೊಡ ಅನ್ನುತ್ತಿತ್ತು. ಹರಿಹರದ ಒಬ್ಬ ಲೇತ್ ಕೆಲಸದವರು ಅದನ್ನು ಬೆರಳಲ್ಲಿ ಆಡಿಸಿ ನೋಡಿ, ಗನ್‌ಮೆಟಲ್‌ನಲ್ಲಿ ಹೊಸದು ಕಡೆದು ಕೊಟ್ಟರು. 1941ರಿಂದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಮಾಡಿದ ಊರು, ಆ ಕೈಗಳಲ್ಲಿ ಇನ್ನೂ ಆ ಪಳಗಿದ ಹದ ಇದೆ. ಹಿಡಿಯನ್ನು ಮಾತ್ರ ಮುಟ್ಟಲಿಲ್ಲ. ಹೆಬ್ಬೆರಳು ಕೂರುವ ಕಡೆ ಕಪ್ಪು ಬಣ್ಣ ಹೋಗಿ ಲೋಹ ನುಣುಪಾಗಿದೆ. ಎಷ್ಟು ಹುಡುಗರ ಬೆವರು ಅಲ್ಲಿ ಬಿದ್ದಿದೆಯೋ. ಅದರ ಮೇಲೆ ಪೇಂಟ್ ಹೊಡೆಯಲು ಮನಸ್ಸು ಬರುತ್ತದಾ?

ಚಲನೆ ಅಳೆಯಲು ಪೊಟೆನ್ಷಿಯೋಮೀಟರ್ ನಾಲ್ಕು ಬೇಕು: ಸೈಕ್ಲಿಕ್‌ಗೆ ಎರಡು, ಕಲೆಕ್ಟಿವ್‌ಗೆ ಒಂದು, ಪೆಡಲ್‌ಗೆ ಒಂದು. ಅವುಗಳನ್ನು ಆರ್ಡುಯಿನೋ ಲಿಯೊನಾರ್ಡೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿಗೆ ಜೋಡಿಸಿದರೆ ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಎಂದೇ ತಿಳಿಯುತ್ತದೆ. ಹಾರಾಟಕ್ಕೆ ಫ್ಲೈಟ್‌ಗಿಯರ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಚೇತಕ್‌ನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಕಲೆಕ್ಟಿವ್ ಎತ್ತಿದಾಗ ಮೂತಿ ಎಡಕ್ಕೆ ಎಳೆಯುತ್ತದೆ, ಬಲ ಪೆಡಲ್ ಒತ್ತಬೇಕು. ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ತಂತ್ರಾಂಶದಲ್ಲಿ ಸುಮ್ನೆ ಯಾವುದೋ ಹೆಲಿಕಾಪ್ಟರ್ ಮಾದರಿ ಹಾಕಿಕೊಂಡರೆ ಕಾಲಿಗೆ ತಪ್ಪು ಪಾಠವಾಗುತ್ತದೆ.

ಸ್ವಿಚ್‌ಗಳಿಗೆ ಒಂದೊಂದು ವೈರ್ ಎಳೆಯಬೇಕಿಲ್ಲ. 8 ಸಾಲು, 8 ಕಂಬದಂತೆ ಜೋಡಿಸಿ, ಪ್ರತಿ ಸ್ವಿಚ್‌ಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದರೆ 64 ಸ್ವಿಚ್ 16 ವೈರಿನಲ್ಲಿ ಮುಗಿಯುತ್ತದೆ.

ಕಣ್ಣು ಕಟ್ಟಿ ಪರೀಕ್ಷೆ

ಎಲ್ಲ ಮುಗಿಯಿತು ಎಂದುಕೊಂಡ ದಿನ ನಮ್ಮ ಓಣಿಯ ಒಬ್ಬ ನಿವೃತ್ತ ಏರ್‌ಫೋರ್ಸ್ ಹಿರಿಯರನ್ನು ಕರೆತಂದು ಕೂರಿಸಿದೆವು. ಅವರೇ ಹೆಗಲ ಮೇಲಿನ ಟವೆಲ್ ಕಣ್ಣಿಗೆ ಕಟ್ಟಿಕೊಂಡರು. ಕೈ ಒಂದೊಂದೇ ಸ್ವಿಚ್ ಮುಟ್ಟುತ್ತಾ ಹೋಯಿತು. ಮೇಲಿನ ಸಾಲಿನಲ್ಲಿ ಒಂದು ಕಡೆ ನಿಂತಿತು.

‘ತಮ್ಮಾ, ಇದು ಉಲ್ಟಾ ಕುಂತೈತಿ ನೋಡು.’

ನೋಡಿದರೆ ಹೌದು. ನಮ್ಮ ಮನೆಗಳಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್, ಅಲ್ವಾ? ವಿಮಾನದಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಅಥವಾ ಮುಂದಕ್ಕೆ ಆನ್. ನಮ್ಮಲ್ಲಿ ಒಬ್ಬರು ಮನೆ ರೂಢಿಯಲ್ಲೇ ಕೂರಿಸಿಬಿಟ್ಟಿದ್ದರು. ನಾಲ್ಕು ಸ್ಕ್ರೂ ಬಿಚ್ಚಿ, ತಿರುಗಿಸಿ ಹಾಕಿದೆವು. ಹಿರಿಯರು ಟವೆಲ್ ಬಿಚ್ಚದೆ ಮತ್ತೆ ಮೊದಲಿನಿಂದ ಶುರು ಮಾಡಿದರು.