ಮೇಣ, ಕಬ್ಬಿಣದ ಪುಡಿ ಮತ್ತು ಒಂದು ಹಲಗೆ: ಭೂಮಿಯ ಮಾದರಿ ಮಾಡುವ ಸರಿಯಾದ ಕ್ರಮ

ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಭೂಮಿಯ ಮಾದರಿ ಎಂದರೆ ಸಾಮಾನ್ಯವಾಗಿ ಬಣ್ಣ ಬಳಿದ ಅರ್ಧ ಚೆಂಡು. ಅದರಲ್ಲಿ ಭೂಕವಚ ಬೆರಳಿನಷ್ಟು ದಪ್ಪವಾಗಿರುತ್ತದೆ, ಅದರ ಕೆಳಗೆ ಕೇಂದ್ರಗೋಳದವರೆಗಿನ ದಪ್ಪ ಪದರವಾದ ಮ್ಯಾಂಟಲ್ ಕುದಿಯುವ ಕೆಂಪು ದ್ರವದಂತೆ ಕಾಣುತ್ತದೆ. ಎರಡೂ ತಪ್ಪು. ಪದರಗಳು ಬೇರ್ಪಟ್ಟದ್ದು ಹೇಗೆ ಎಂಬುದನ್ನಂತೂ ಆ ಚೆಂಡು ಹೇಳುವುದೇ ಇಲ್ಲ. ಆದ್ದರಿಂದ ಪದರಗಳು ಹುಟ್ಟಿದ ಬಗೆಯನ್ನು ತೋರಿಸಲು ಒಂದು ಬಾಟಲಿಯನ್ನೂ ಅವುಗಳ ಅಳತೆಯನ್ನು ತೋರಿಸಲು ಒಂದು ಹಲಗೆಯನ್ನೂ ಸಿದ್ಧಪಡಿಸಬೇಕು.

ಮೊದಲು ಬಾಟಲಿ. ಲೇತ್ ಕೆಲಸದ ಅಂಗಡಿಯಿಂದ ತಂದ ಕಬ್ಬಿಣದ ಪುಡಿಯನ್ನು ಜರಡಿ ಹಿಡಿದು, ಎಣ್ಣೆಯ ಅಂಶ ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬಿಳಿಯ ಮೇಣದಬತ್ತಿಗಳನ್ನು ತುರಿದು, ಎರಡು ಚಮಚ ಪುಡಿಯನ್ನು ಅದರಲ್ಲಿ ಚೆನ್ನಾಗಿ ಬೆರೆಸಿ, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಒತ್ತಿ ತುಂಬಿ.

ಬಹಳಷ್ಟು ಜನ ಎಡವುವುದು ಇಲ್ಲಿಯೇ. ತಳಕ್ಕೆ ಕಬ್ಬಿಣವನ್ನು ಹಾಕಿ ಅದರ ಮೇಲೆ ಮೇಣವನ್ನು ಸುರಿದುಬಿಡುತ್ತಾರೆ. ಆದರೆ ಭೂಮಿ ಹೀಗೆ ಒಂದರ ಮೇಲೊಂದು ಜೋಡಿಸಿ ಆದದ್ದಲ್ಲ. ಸುಮಾರು 454 ಕೋಟಿ ವರ್ಷಗಳ ಹಿಂದೆ ಸೂರ್ಯನ ಸುತ್ತಲಿನ ದೂಳು ಮತ್ತು ಬಂಡೆಗಳು ಒಂದಕ್ಕೊಂದು ಬಡಿದು ಕೂಡಿಕೊಂಡಾಗ ಕಲ್ಲು ಮತ್ತು ಕಬ್ಬಿಣ ಬೆರೆತೇ ಇದ್ದವು. ಬಡಿತದ ಶಾಖ ಮತ್ತು ವಿಕಿರಣಶೀಲ ಧಾತುಗಳ ಶಾಖದಿಂದ ಆ ರಾಶಿ ಕರಗಿದ ಮೇಲೆಯೇ ಭಾರವಾದ ಕಬ್ಬಿಣ ಕೆಳಗಿಳಿಯಲು ದಾರಿಯಾಯಿತು. ಬಾಟಲಿಯಲ್ಲಿ ತೋರಿಸಬೇಕಾದದ್ದು ಈ ಇಳಿತವನ್ನು.

ಪಾತ್ರೆಯೊಂದರ ತಳಕ್ಕೆ ಬಟ್ಟೆ ಹಾಸಿ, ಬಾಟಲಿಯನ್ನಿಟ್ಟು, ಸುತ್ತ ತಣ್ಣೀರು ಸುರಿದು, ಸಣ್ಣ ಉರಿಯಲ್ಲಿ ಕಾಯಿಸಿ. ಮೇಣವನ್ನು ನೇರವಾಗಿ ಒಲೆಯ ಮೇಲಿಡಬೇಡಿ, ಅದು ಹೊತ್ತಿಕೊಳ್ಳುತ್ತದೆ, ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು. ಮೇಣ ಗಟ್ಟಿಯಾಗಿರುವಷ್ಟು ಹೊತ್ತು ಕಬ್ಬಿಣ ಕದಲುವುದಿಲ್ಲ, ಕರಗಿದೊಡನೆ ಇಳಿಯತೊಡಗುತ್ತದೆ. ಬೇಗ ಮುಗಿಸುವ ಆತುರದಲ್ಲಿ ಹೊರಗಿನಿಂದ ಅಯಸ್ಕಾಂತ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಚಮಚದಿಂದ ಕದಡಲೂ ಬೇಡಿ. ಕಬ್ಬಿಣ ತನ್ನ ಭಾರದಿಂದಲೇ ಇಳಿಯಿತು ಎಂಬುದು ಈ ಪ್ರಯೋಗದ ಜೀವಾಳ. ಉರಿ ಆರಿಸಿ ತಣಿಯಲು ಬಿಟ್ಟರೆ ತಳದಲ್ಲಿ ಕೇಂದ್ರಗೋಳ, ಮೇಲೆ ಮ್ಯಾಂಟಲ್ ಸಿದ್ಧ. ಇಂದಿನ ಮ್ಯಾಂಟಲ್ ಬಹುಪಾಲು ಗಟ್ಟಿ ಶಿಲೆಯೇ ಆಗಿದ್ದು, ಅತಿ ನಿಧಾನವಾಗಿ ಹರಿಯುತ್ತದೆ ಎಂದು ಬಾಟಲಿಯ ಮೇಲೆ ಚೀಟಿ ಅಂಟಿಸಿ.

ಇನ್ನು ಹಲಗೆ. ಒಂದು ಸೆಂಟಿಮೀಟರಿಗೆ 200 ಕಿಲೋಮೀಟರ್ ಎಂದು ಹಿಡಿದರೆ ಭೂಮಿಯ 6,371 ಕಿಲೋಮೀಟರ್ ತ್ರಿಜ್ಯ ಸುಮಾರು 32 ಸೆಂಟಿಮೀಟರ್ ಆಗುತ್ತದೆ. ಅರ್ಧವೃತ್ತ ಎಳೆಯಲು ದಾರ ಬೇಡ, ಅದು ಹಿಗ್ಗುತ್ತದೆ. ಮೊಳೆ ಹೊಡೆದ ಮರದ ಪಟ್ಟಿಯೇ ಒಳ್ಳೆಯದು. ಅದೇ ಕೇಂದ್ರದಿಂದ 6.1 ಸೆಂಟಿಮೀಟರಿಗೆ ಘನರೂಪದ ಒಳ ಕೇಂದ್ರಗೋಳವನ್ನೂ 17.4ಕ್ಕೆ ದ್ರವರೂಪದ ಹೊರ ಕೇಂದ್ರಗೋಳವನ್ನೂ ಗುರುತಿಸಿ. ಒಳಗೋಳ ಬೇರೆಯೇ ಇದೆ ಎಂಬುದನ್ನು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್ 1936ರಲ್ಲಿ ಭೂಕಂಪದ ಅಲೆಗಳಿಂದ ಕಂಡುಹಿಡಿದರು.

ಭೂಕವಚಕ್ಕೆ ಬಣ್ಣದ ಪಟ್ಟಿ ಅಂಟಿಸಬೇಡಿ. ಖಂಡಗಳ ಕೆಳಗಿನ 35 ಕಿಲೋಮೀಟರ್ ಈ ಅಳತೆಯಲ್ಲಿ ಎರಡು ಮಿಲಿಮೀಟರೂ ಆಗದು. ಸಾಗರದ ತಳದ ಏಳು ಕಿಲೋಮೀಟರಿಗೆ ಚೂಪಾದ ಪೆನ್ಸಿಲ್ಲಿನ ಒಂದು ಗೆರೆ ಸಾಕು. ಅಂಗಡಿಯ ಸಿದ್ಧ ಫೋಮ್ ಗೋಳಗಳನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ನೀರಿಗೆ ಒಂದು ಟೆನಿಸ್ ಚೆಂಡಿಗೆ ನೀಲಿ ಬಳಿದು ಹಲಗೆಯ ಪಕ್ಕದಲ್ಲಿಡಿ. ಭೂಮಿಯ ಮೇಲಿನ ಎಲ್ಲ ನೀರನ್ನೂ ಒಂದು ಗೋಳವಾಗಿಸಿದರೆ ಈ ಅಳತೆಯಲ್ಲಿ ಆಗುವುದು ಅಷ್ಟೇ. ಭೂಮಿಯಾಗಿ ಕೂಡಿಕೊಂಡ ಬಂಡೆಗಳಲ್ಲಿದ್ದ ನೀರು ಜ್ವಾಲಾಮುಖಿಗಳ ಮೂಲಕ ಆವಿಯಾಗಿ ಹೊರಬಂದು, ನೆಲ ತಣಿದಾಗ ಮಳೆಯಾಗಿ ಸುರಿಯಿತು. ಕ್ಷುದ್ರಗ್ರಹಗಳು ತಂದ ನೀರೂ ಅದಕ್ಕೆ ಸೇರಿತು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳು 400 ಕೋಟಿ ವರ್ಷಗಳಿಗೂ ಹಿಂದೆಯೇ ನೀರಿತ್ತೆಂಬ ಸುಳಿವು ನೀಡುತ್ತವೆ.

ವಾಯುಮಂಡಲಕ್ಕೆ ಅರ್ಧ ಸೆಂಟಿಮೀಟರ್ ಅಗಲದ ಪಾರದರ್ಶಕ ಹಾಳೆ ಸಾಕು. ಅದು 100 ಕಿಲೋಮೀಟರ್ ಎತ್ತರಕ್ಕೆ ಸಮ. ಆರಂಭದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಸೂಕ್ಷ್ಮಜೀವಿಗಳು ದ್ಯುತಿಸಂಶ್ಲೇಷಣೆಯಿಂದ ಬಿಟ್ಟ ಆಮ್ಲಜನಕ ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ನೆಲೆನಿಂತಿತು.

ಸಾಧ್ಯವಾದರೆ ಬಾಟಲಿಯ ಪಕ್ಕದಲ್ಲಿ ಸಂಡೂರಿನ ಕಡೆಯ ಪಟ್ಟೆ ಪಟ್ಟೆಯ ಕಬ್ಬಿಣಶಿಲೆಯ ತುಂಡೊಂದನ್ನಿಡಿ. ಅದರಲ್ಲಿರುವುದು ಕೇಂದ್ರಗೋಳಕ್ಕೆ ಇಳಿಯದೆ ಮೇಲುಳಿದು, ಪ್ರಾಚೀನ ಸಮುದ್ರದ ನೀರಿನಲ್ಲಿ ಕರಗಿ, ಮತ್ತೆ ಪದರಪದರವಾಗಿ ತಳಕ್ಕಿಳಿದ ಕಬ್ಬಿಣ.