ಬ್ಲೆಡ್ ಸರೋವರವನ್ನು ನಾನು ಎರಡು ಸಲ ನೋಡಿದೆ

ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದಿಂದ ರೈಲು ಹತ್ತಿದ ನಾನು, ನಿಲ್ದಾಣದ ಹೆಸರಿನಲ್ಲೇ ಬ್ಲೆಡ್ ಇದೆಯೆಂದು ನಂಬಿ ಲೆಸ್ತ್ಸೆ-ಬ್ಲೆಡ್‌ನಲ್ಲಿ ಇಳಿದೆ. ಸರೋವರ ಅಲ್ಲಿಂದ ಇನ್ನೂ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಬಸ್ಸಿಗೆ ಕಾದು ದಡ ತಲುಪುವ ಹೊತ್ತಿಗೆ ನಡುಹಗಲಾಗಿತ್ತು. ದ್ವೀಪ, ಅದರ ಮೇಲಿನ ಇಗರ್ಜಿ, ಹಿಂದೆ ಬಂಡೆಯ ತುದಿಯ ಕೋಟೆ, ಎಲ್ಲವೂ ಚಿತ್ರಗಳಲ್ಲಿ ಕಂಡಂತೆಯೇ ಇದ್ದವು. ಅದಕ್ಕಿಂತ ಹೆಚ್ಚಿನದೇನೂ ಆ ದಿನ ನನಗೆ ಕಾಣಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಪಶ್ಚಿಮ ದಡದ ಮಾಲಾ ಓಸೊಯ್ನಿತ್ಸಾ ಗುಡ್ಡ ಹತ್ತಿದೆ. ಗುಡ್ಡದ ಎತ್ತರ 685 ಮೀಟರ್, ಸರೋವರದ್ದು 475 ಮೀಟರ್. ಅಂತರ ದೊಡ್ಡದಲ್ಲವಾದರೂ ಮರದ ಬೇರುಗಳ ನಡುವಿನ ಕಡಿದಾದ ಹಾದಿ, ಕೊನೆಯಲ್ಲಿ ಬರುವ ಕಬ್ಬಿಣದ ಮೆಟ್ಟಿಲು, ಎರಡೂ ಮೊಣಕಾಲನ್ನು ಪರೀಕ್ಷಿಸುತ್ತವೆ. ಮೇಲೆ ನಿಂತು ನೋಡಿದಾಗ ಮಾತ್ರ ಈ ಜಾಗ ಹೇಗಾಯಿತೆಂಬುದು ಅರ್ಥವಾಯಿತು. ಭೂಮಿಯ ಚಲನೆಯಿಂದ ಮೊದಲೇ ಉಂಟಾಗಿದ್ದ ತಗ್ಗನ್ನು ಬೊಹಿನ್ ಕಣಿವೆಯ ಕಡೆಯಿಂದ ಇಳಿದ ಹಿಮನದಿ ಇನ್ನಷ್ಟು ಆಳಕ್ಕೆ ಕೊರೆಯಿತು. ಸುಮಾರು 14,000 ವರ್ಷಗಳ ಹಿಂದೆ ಅದು ಹಿಂದೆ ಸರಿದ ಮೇಲೆ ಆ ಬೋಗುಣಿಯಲ್ಲಿ ನೀರು ನಿಂತಿತು. ಮೆದುವಾದದ್ದನ್ನೆಲ್ಲ ಉಜ್ಜಿಕೊಂಡು ಹೋದ ಮಂಜಿಗೆ ಬಗ್ಗದೆ ಉಳಿದ ಗಟ್ಟಿ ಬಂಡೆಗಳೇ ಇಂದಿನ ಗುಡ್ಡಗಳು. ನೀರಿನಿಂದ ಸುಮಾರು 130 ಮೀಟರ್ ಎತ್ತರದಲ್ಲಿರುವ ಕೋಟೆಯೂ ಅಂಥದೇ ಒಂದು ಬಂಡೆಯ ಮೇಲೆ ಕುಳಿತಿದೆ. ಹಿಂದಿನ ದಿನ ಬಿಡಿಬಿಡಿಯಾಗಿ ಕಂಡಿದ್ದವು ಆಗ ಒಂದೇ ಕಥೆಯ ಭಾಗಗಳಾದವು.

ಇಳಿದ ಮೇಲೆ ಆರು ಕಿಲೋಮೀಟರಿನ ದಡವನ್ನು ಪೂರ್ತಿ ಸುತ್ತಿದೆ. ಅತಿ ಆಳವಾದ ಕಡೆ ಸುಮಾರು 30 ಮೀಟರ್ ಇರುವ ಈ ಸರೋವರಕ್ಕೆ ದೊಡ್ಡ ಹೊಳೆ ಯಾವುದೂ ತಾನಾಗಿ ಸೇರುವುದಿಲ್ಲ. ನೀರು ಕೆಡತೊಡಗಿದಾಗ, 1964ರಲ್ಲಿ, ರಾದೊವ್ನಾ ನದಿಯ ನೀರನ್ನು ಕೊಳವೆಯಲ್ಲಿ ಇಲ್ಲಿಗೆ ತಂದರು. ಅಷ್ಟು ಸಹಜವಾಗಿ ತೋರುವ ಆ ಹಸಿರುನೀಲಿಯ ಹಿಂದೆ ಎಂಜಿನಿಯರುಗಳ ಕೈಯೂ ಇದೆಯೆಂದು ತಿಳಿದರೆ ಅದರ ಚೆಲುವು ಕುಗ್ಗುವುದಿಲ್ಲವೆಂದೇ ನನ್ನ ಭಾವನೆ.

ದ್ವೀಪಕ್ಕೆ ಹೋಗಲು ಪ್ಲೆಟ್ನಾ ಎಂಬ ಚಪ್ಪಟೆ ತಳದ ಮರದ ದೋಣಿಯಿದೆ. ನಾವಿಕ ಹಿಂದೆ ನಿಂತುಕೊಂಡು ಎರಡು ಹುಟ್ಟುಗಳಿಂದ ಅದನ್ನು ನಡೆಸುತ್ತಾನೆ. ದೋಣಿ ತುಂಬುವವರೆಗೆ ಹೊರಡುವುದಿಲ್ಲ, ತೂಕ ಎರಡೂ ಬದಿಗೆ ಸಮನಾಗುವಂತೆ ಜನರನ್ನು ಕೂರಿಸುತ್ತಾರೆ. ನನ್ನನ್ನು ಎರಡು ಸಲ ಎಬ್ಬಿಸಿ ಕೂರಿಸಿದರು. ದ್ವೀಪದಲ್ಲಿ ಇಳಿದೊಡನೆ 99 ಕಲ್ಲಿನ ಮೆಟ್ಟಿಲುಗಳು. ಮದುಮಗ ವಧುವನ್ನು ಎತ್ತಿಕೊಂಡು ಇವನ್ನು ಹತ್ತಬೇಕು, ಅಷ್ಟು ಹೊತ್ತೂ ಅವಳು ಮಾತಾಡಬಾರದು ಎಂಬುದು ಅಲ್ಲಿನ ರೂಢಿ. ಇಗರ್ಜಿಯೊಳಗೆ 1534ರ ಘಂಟೆಯಿದ್ದು, ಹರಕೆ ಹೊತ್ತು ಅದರ ಹಗ್ಗ ಎಳೆಯುವವರ ಸಾಲು ಮುಗಿಯುವುದೇ ಇಲ್ಲ. ದೋಣಿ ಹಿಂದಿರುಗುವ ಮುನ್ನ ಸಿಗುವ ಮುಕ್ಕಾಲು ಗಂಟೆಯೊಳಗಿನ ಅವಧಿ ಆ ಸಾಲಿನಲ್ಲೇ ಕರಗುವುದರಿಂದ ನಾನು ಹಗ್ಗ ಬಿಟ್ಟು ದ್ವೀಪವನ್ನು ಸುತ್ತುಹಾಕಿದೆ.

1011ರ ದಾಖಲೆಯಲ್ಲೇ ಹೆಸರು ಕಾಣುವ ಕೋಟೆಯ ಒಳಭಾಗಕ್ಕಿಂತ ಅದರ ಅಂಗಳದಿಂದ ಕಾಣುವ ನೋಟವೇ ಮೇಲು. ಅಲ್ಲಿಂದ ಇಳಿದು, ಕೆನೆ ಮತ್ತು ಕಸ್ಟರ್ಡ್ ತುಂಬಿದ ಕ್ರೆಮ್‌ಶ್ನಿಟಾ ಎಂಬ ಚೌಕ ಸಿಹಿಯನ್ನು ತಿಂದೆ. ಅದು ಇಲ್ಲಿ ಪ್ರಸಿದ್ಧವಾದದ್ದು 1953ರಿಂದ.

ವಿಂಟ್ಗಾರ್ ಕಮರಿಯನ್ನು ಮೂರನೆಯ ದಿನಕ್ಕೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. 1893ರಲ್ಲಿ ಜನರಿಗೆ ತೆರೆದ ಸುಮಾರು 1.6 ಕಿಲೋಮೀಟರಿನ ಈ ಕಮರಿಯಲ್ಲಿ, ಬಂಡೆಗೆ ಅಂಟಿಕೊಂಡ ಮರದ ಹಾದಿಯ ಕೆಳಗೆ ರಾದೊವ್ನಾ ಭೋರ್ಗರೆಯುತ್ತದೆ. ಕೊನೆಯಲ್ಲಿ 13 ಮೀಟರಿನ ಶೂಮ್ ಜಲಪಾತ. ನಾನು ಹೋದಾಗ ಕಮರಿಯೊಳಗೆ ಒಂದೇ ದಿಕ್ಕಿನ ನಡಿಗೆಗೆ ಅವಕಾಶವಿತ್ತು. ಹೀಗಾಗಿ ಹುಲ್ಲುಗಾವಲಿನ ನಡುವೆ ಸಂತ ಕ್ಯಾಥರೀನಳ ಪುಟ್ಟ ಇಗರ್ಜಿಯ ಗುಡ್ಡವನ್ನು ಬಳಸಿಕೊಂಡು ಬರಬೇಕಾಯಿತು. ಸರೋವರದಲ್ಲಿ ಸದ್ದಿಲ್ಲದೆ ನಿಂತಿದ್ದ ಅದೇ ರಾದೊವ್ನಾದ ನೀರು ಇಲ್ಲಿ ಕಿವಿಗಡಚಿಕ್ಕುವಂತೆ ಹರಿಯುತ್ತಿತ್ತು.